ಅಣ್ಣಾ, ಬಸ್ ನಿಲ್ಸಿ

"ಆ ಪೇಪರ್ ಸ್ವಲ್ಪ ಕೊಡಿ."

ಮಿಡಿಗೇಶಿ ಸ್ಟಾಪಿನಲ್ಲಿ ಶಾಲಾ ಬಸ್ ಹತ್ತಿದ ಹೊಸ ಗಣಿತದ ಮಿಸ್, ಡ್ರೈವರ್ ತಿಪ್ಪೇಶನಿಗೆ ಆಡಿದ ಮೊದಲ ಮಾತು ಇದು. ನಮಸ್ಕಾರವೂ ಇಲ್ಲ, ಗುಡ್ ಮಾರ್ನಿಂಗೂ ಇಲ್ಲ.

ತಿಪ್ಪೇಶ್ ಆ ದಿನದ ಪೇಪರನ್ನು ಇನ್ನೂ ಬಿಡಿಸಿಯೇ ಇರಲಿಲ್ಲ. ಆದರೂ ಕೇಳಿದವಳು ನೋಡಲು ಲಕ್ಷಣವಾಗಿದ್ದಳು, ಮೇಲಾಗಿ ಓದುವ ಹುಡುಗಿ... ಸಂತೋಷದಿಂದಲೇ ತೆಗೆದುಕೊಟ್ಟ.

ಅವಳು ಅದನ್ನು ಚೆನ್ನಾಗಿ ಮಡಚಿ, ಮೊದಲ ಸೀಟಿನ ಮೇಲೆ ಹಾಸಿ, ಅದರ ಮೇಲೆ ಕುಳಿತೇಬಿಟ್ಟಳು!

ತಿಪ್ಪೇಶ್ ಇಂಗು ತಿಂದ ಮಂಗನ ಹಾಗೆ ನೋಡಿದ. ಹಿಂದಿನ ಸೀಟಿನಲ್ಲಿದ್ದ ಹಿರಿಯ ಟೀಚರ್ ರಾಧಾಮಣಿ ಮೇಡಂ ಅವನ ಕಷ್ಟ ನೋಡಲಾರದೆ, ಪೇಪರ್ ಮೇಲೆ ಕೂತರೆ ವಾಂತಿ ಬರುವುದಿಲ್ಲ ಅಂತ ಒಂದು ನಂಬಿಕೆ ಕಣಪ್ಪ, ನೀನು ಗಾಡಿ ಬಿಡು ಎಂದರು.

ನಂಬಿಕೆ ಶಾಲೆಯಿರುವ ಮಧುಗಿರಿ ತಲುಪುವ ತನಕ ಉಳಿಯಲಿಲ್ಲ. ದಾರಿಯಲ್ಲಿ ಒಮ್ಮೆ ಬಸ್ ನಿಲ್ಲಿಸಬೇಕಾಯಿತು. ಶರಣ್ಯಾ ಮಿಸ್ ಇಳಿದು, ತಂಗಡಿ ಗಿಡದ ಮರೆಗೆ ಹೋಗಿ, ಕಣ್ಣು ಕೆಂಪಾಗಿಸಿಕೊಂಡು ವಾಪಸು ಬಂದಳು. ಮೊದಲ ದಿನವೇ ಮರ್ಯಾದೆ ಮೂರಾಬಟ್ಟೆ. ಮಕ್ಕಳೆಲ್ಲ ಕಿಸಕ್ಕೆಂದವು.

ಮರುದಿನ ಅವಳು ತಲೆ ತಗ್ಗಿಸಿಕೊಂಡು ಬಸ್ ಹತ್ತಿದಾಗ ಡ್ರೈವರ್ ಸೀಟಿನ ಪಕ್ಕದಲ್ಲಿ ಎರಡು ಪೇಪರ್ ಇದ್ದವು. ತಿಪ್ಪೇಶ್ ಒಂದನ್ನು ಅವಳ ಕಡೆ ನೀಡಿ, ಇದು ಕೂತ್ಕೊಳೋಕೆ, ಇನ್ನೊಂದು ಓದೋಕೆ ಎಂದ.

ಅಷ್ಟೇ. ನಮ್ಮ ಶರಣ್ಯಾಳ ಹೃದಯ ಅಲ್ಲೇ ಜಾರಿಬಿತ್ತು.

ಅವಳ ಕಾಯಿಲೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಶರಣ್ಯಾಗೆ ಬಸ್ ಆಗದು, ಕಾರ್ ಆಗದು, ಬೇರೆಯವರು ಉಯ್ಯಾಲೆ ಆಡುವುದನ್ನು ನೋಡಿದರೂ ಹೊಟ್ಟೆ ತೊಳಸುತ್ತದೆ. ಅಕ್ಕನ ಮದುವೆಗೆ ಹೊರಟ ವ್ಯಾನಿನಲ್ಲಿ ಮದುಮಗಳನ್ನು ಕೇಳುವವರಿಲ್ಲ, ಎಲ್ಲರೂ ಇವಳ ಬೆನ್ನು ನೀವುವವರೇ! ಅಜ್ಜಿ ಓಬಳಮ್ಮ ಮಾಡದ ಔಷಧಿ ಇರಲಿಲ್ಲ. ದವಡೆಗೆ ಹುಣಸೆಹಣ್ಣು, ಮೂಗಿಗೆ ನಿಂಬೆಹಣ್ಣು, ಹೊಕ್ಕುಳಿಗೆ ಸುಣ್ಣ. ಸುಣ್ಣದಿಂದ ಹೊಕ್ಕುಳು ಸುಟ್ಟಿತೇ ಹೊರತು ವಾಂತಿ ನಿಲ್ಲಲಿಲ್ಲ.

ಕೊನೆಗೆ ಅವಳೇ ಕಂಡುಕೊಂಡ ದಾರಿ ಇದು. ಹೊಟ್ಟೆ ತುಂಬ ತಿನ್ನಬಾರದು. ಮೊದಲ ಸೀಟಿನಲ್ಲಿ ಕೂತು ದೂರದ ಬೆಟ್ಟದ ಮೇಲೆ ಕಣ್ಣಿಡಬೇಕು. ಬಾಯಿಗೆ ಬೀಗ ಹಾಕಬೇಕು. ಪೇಪರ್ ಸುಮ್ಮನೆ ಅಜ್ಜಿಯ ಸಮಾಧಾನಕ್ಕೆ.

ಬಾಯಿಗೆ ಬೀಗ ಹಾಕಿ, ಗೋಣು ಎತ್ತಿ ಬೆಟ್ಟ ನೋಡುವ ಹುಡುಗಿಯನ್ನು ಕಂಡರೆ ಜನ ಏನೆಂದುಕೊಳ್ಳುತ್ತಾರೆ? ಜಂಭ ಎಂದುಕೊಳ್ಳುತ್ತಾರೆ. ತಿಪ್ಪೇಶನೂ ಶುರುವಿಗೆ ಹಾಗೇ ಅಂದುಕೊಂಡ. ಆದರೆ ಶಾಲೆಯ ಗೇಟಿನಲ್ಲಿ ಇಳಿದು, ನಾಲ್ಕು ಸಲ ಉಸಿರೆಳೆದು, ಮುಖಕ್ಕೆ ಕಳೆ ಬಂದ ಮೇಲೆ ಅವಳು ಕಿಟಕಿಯ ಹತ್ತಿರ ಬಂದು ಒಂದು ಮಾತು ಹೇಳಿ ಹೋಗುತ್ತಿದ್ದಳು. ಇವತ್ತು ಹಂಪ್ ಹತ್ತಿರ ಚೆನ್ನಾಗಿ ನಿಧಾನ ಮಾಡಿದ್ರಿ, ಅಂತ.

ಆ ಒಂದು ಹೊಗಳಿಕೆಗಾಗಿ ತಿಪ್ಪೇಶ್ ಬಸ್ಸನ್ನು ಬೆಣ್ಣೆಯ ಮೇಲೆ ಓಡಿಸುವವನಂತೆ ಓಡಿಸತೊಡಗಿದ. ಹಿಂದೆ ಬಂದ ಲಾರಿಯವರು ಹಾರ್ನ್ ಹೊಡೆದು ಬೈದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬೇರೆಯವರ ಪ್ರೀತಿಗೆ ಗುಲಾಬಿ ಬೇಕು, ಸಿನಿಮಾ ಬೇಕು. ಇವರ ಪ್ರೀತಿಗೆ ರಸ್ತೆಯ ಹಂಪುಗಳೇ ಸಾಕಾದವು.

ಇನ್ನೊಂದು ಗುಟ್ಟೂ ಇತ್ತು. ಶಾಲೆಯ ಟೀಚರುಗಳೆಲ್ಲ, ಐವತ್ತು ದಾಟಿದ ರಾಧಾಮಣಿ ಮೇಡಂ ಕೂಡ, ಅವನನ್ನು ತಿಪ್ಪೇಶಣ್ಣ ಎಂದೇ ಕರೆಯುವುದು. ನಮ್ಮ ಕಡೆ ಡ್ರೈವರ್, ಕಂಡಕ್ಟರ್, ತರಕಾರಿಯವ ಎಲ್ಲರೂ ಅಣ್ಣಂದಿರೇ ತಾನೆ! ಆದರೆ ಶರಣ್ಯಾಳ ಬಾಯಲ್ಲಿ ಮಾತ್ರ ಆ 'ಅಣ್ಣ' ಹೊರಡುತ್ತಿರಲಿಲ್ಲ. "ನೋಡಿ ಇಲ್ಲಿ" ಎನ್ನುತ್ತಿದ್ದಳು, "ರೀ ಡ್ರೈವರ್" ಎನ್ನುತ್ತಿದ್ದಳು, ಏನೂ ತೋಚದಿದ್ದರೆ ಕೆಮ್ಮುತ್ತಿದ್ದಳು.

ಕೆಮ್ಮಿನ ಅರ್ಥ, ಸ್ಟಾಪಿನ ತನಕ ಬಿಡಲು ಬರುತ್ತಿದ್ದ ಓಬಳಮ್ಮಜ್ಜಿಗೆ ಬೇಗ ತಿಳಿಯಿತು. ಅವಳು ಕಾಲಕ್ಕೆ ತಕ್ಕ ಹೆಂಗಸು. ವಿಚಾರಿಸಿದಳು. ಹುಡುಗ ಪಾವಗಡದ ಕಡೆಯವನು, ಕುಡಿಯುವುದಿಲ್ಲ, ತಾಯಿ ಕರಿಯಕ್ಕ ಕುರಿ ಸಾಕಿ ಮಗನನ್ನು ದೊಡ್ಡವನನ್ನಾಗಿ ಮಾಡಿದವಳು. ಕರಿಯಕ್ಕನೇ ಒಂದು ದಿನ ಹೂವು ಹಣ್ಣು ಹಿಡಿದು ಮಿಡಿಗೇಶಿಗೆ ಬಂದಳು. ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಮಾತು ಮುಗಿಯಿತು. ಡ್ರೈವರನಿಗೆ ಕೊಟ್ಟರೆ ಮೊಮ್ಮಗಳಿಗೆ ಜೀವನಪೂರ್ತಿ ಮುಂದಿನ ಸೀಟು ಖಾಯಂ ಎಂದು ಓಬಳಮ್ಮಜ್ಜಿ ಊರೆಲ್ಲ ಹೇಳಿಕೊಂಡು ನಕ್ಕಳು.

ದೊಡ್ಡವರದು ಮುಗಿಯಿತು. ಆದರೆ ತಿಪ್ಪೇಶ್ ಒಂದು ಥರದ ಮನುಷ್ಯ. ಆ ಸಂಜೆ ಮಕ್ಕಳೆಲ್ಲ ಇಳಿದ ಮೇಲೆ, ಮಿಡಿಗೇಶಿ ಸ್ಟಾಪಿನಲ್ಲಿ ಎಂಜಿನ್ ಆಫ್ ಮಾಡಿ, ಸ್ಟೇರಿಂಗ್ ನೋಡುತ್ತಲೇ ಮಾತಾಡಿದ.

"ಮಿಸ್, ದೊಡ್ಡೋರು ಮಾತಾಡ್ಕೊಂಡವ್ರೆ. ಆದ್ರೆ ನನಗೆ ನಿಮ್ಮ ಮನಸು ಗೊತ್ತಾಗ್ಬೇಕು. ನಾನು ಡ್ರೈವರ್ರು, ನೀವು ಓದಿರೋರು. ಬ್ಯಾಡ ಅನ್ನೋಕೆ ಸಂಕೋಚ ಆದ್ರೆ ನಾಳೆ ಬೆಳಿಗ್ಗೆ ಎಲ್ಲರಂಗೆ ನನ್ನನ್ನ ಅಣ್ಣ ಅಂದ್ಬುಡಿ. ನಾನು ಅರ್ಥ ಮಾಡ್ಕೊತೀನಿ. ಆಮೇಲೆ ಈ ಮಾತೇ ಎತ್ತಲ್ಲ."

ಅಯ್ಯೋ ಪೆದ್ದೆ, ಅಲ್ಲೇ ಹೂಂ ಅನ್ನಬಾರದಿತ್ತೇ?

ಅನ್ನಬಹುದಿತ್ತು. ಆದರೆ ಬಸ್ ಆಗಷ್ಟೇ ನಿಂತಿತ್ತು, ಹೊಟ್ಟೆ ಇನ್ನೂ ನಿಂತಿರಲಿಲ್ಲ. ಬಾಯಿ ತೆರೆದರೆ ಹೂಂ ಬದಲು ಬೇರೇನೋ ಬರುವ ಹಾಗಿತ್ತು. ಅವಳು ನಾಚಿ ನಕ್ಕು ಇಳಿದು ಓಡಿದಳು. *ನಾಳೆ ಶಾಲೆ ಹತ್ರ ಇಳಿದು, ಮುಖ ತೊಳೆದು, ಅಚ್ಚುಕಟ್ಟಾಗಿ ಹೇಳ್ತೀನಿ...* ಎಂದುಕೊಂಡಳು.

ಬೆಳಿಗ್ಗೆ ಹಸಿರು ಸೀರೆ ಉಟ್ಟಳು. ಶುಭದ ಮಾತು ಹೇಳಲು ಹೊರಟವಳು ಬರೀ ಹೊಟ್ಟೆಯಲ್ಲಿ ಹೋಗಬಾರದೆಂದು ಅಜ್ಜಿ ತುಪ್ಪ ಸುರಿದು ಹೋಳಿಗೆ ತಿನ್ನಿಸಿದಳು. ಪ್ರೀತಿಯ ಅಮಲಿನಲ್ಲಿ ಶರಣ್ಯಾ ತನ್ನ ನಿಯಮವನ್ನೇ ಮರೆತಳು.

ಅವತ್ತೇ ರಸ್ತೆ ರಿಪೇರಿ ಶುರುವಾಗಬೇಕೇ? ಬಸ್ಸುಗಳನ್ನೆಲ್ಲ ಹೊಲದ ಪಕ್ಕದ ಮಣ್ಣುದಾರಿಗೆ ತಿರುಗಿಸಿದ್ದರು. ಅದೂ ಸಾಲದೆಂದು ತಿಪ್ಪೇಶ್ ಗುಂಡಿ ನೋಡುವುದು ಬಿಟ್ಟು ಕನ್ನಡಿಯಲ್ಲಿ ಅವಳ ಮುಖ ನೋಡುತ್ತಿದ್ದ. ಒಂದು ಗುಂಡಿಗೆ ಬಸ್ ಎದ್ದಿತು. ಇನ್ನೊಂದಕ್ಕೆ ಬಿದ್ದಿತು. ಹೋಳಿಗೆ ಗಂಟಲಿಗೆ ಬಂತು. ಕೈ ಬಾಯಿಗೆ ಹೋಯಿತು. ಬಾಯಿ ತಾನಾಗಿ ಕೂಗಿತು.

"ಅಣ್ಣಾ... ಬಸ್ ನಿಲ್ಸಿ ಅಣ್ಣಾ!"

ಒಂದಲ್ಲ, ಎರಡು ಸಲ!

ನೀವೇ ಹೇಳಿ, ನಮ್ಮ ಕಡೆ ಯಾವ ಹೆಣ್ಣುಮಗಳು ಬೇರೆ ಮಾತಿನಿಂದ ಬಸ್ ನಿಲ್ಲಿಸಿದ್ದಾಳೆ? ಚಿಕ್ಕಂದಿನಿಂದ ಅವಳು ಎಷ್ಟು ಬಸ್ಸುಗಳನ್ನು ಹಾಗೆ ನಿಲ್ಲಿಸಿದ್ದಳೋ ಏನೋ. ಅದು ಮನಸ್ಸಿನ ಮಾತಲ್ಲ, ಹೊಟ್ಟೆಯ ಮಾತು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಗಿಡದ ಮರೆಯಿಂದ ಎದ್ದು ಬರುವಾಗ ಅವಳಿಗೆ ತಾನು ಏನಂದೆ ಎಂಬುದು ಹೊಳೆಯಿತು. ತಿಪ್ಪೇಶ್ ಬಸ್ಸಿನ ಬಾಗಿಲಲ್ಲಿ ನೀರಿನ ಬಾಟಲ್ ಹಿಡಿದು ನಿಂತಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ. ಆದರೂ ನಗಲು ಪ್ರಯತ್ನಿಸಿದ.

"ಬಾಯಿ ಮುಕ್ಕಳಿಸ್ಕೊಮ್ಮ ತಂಗಿ."

ತಂಗಿ! ಶರಣ್ಯಾಗೆ ಮತ್ತೊಮ್ಮೆ ವಾಂತಿ ಬರುವ ಹಾಗಾಯಿತು.

ಆಮೇಲೆ ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಅದು ಹಾಗಲ್ಲ ಎಂದು ಮೆಸೇಜ್ ಕಳಿಸಿದಳು. ಪರವಾಗಿಲ್ಲ, ಅರ್ಥ ಆಯ್ತು ಎಂದು ಕೈಮುಗಿದ ಚಿತ್ರದೊಂದಿಗೆ ಉತ್ತರ ಬಂತು. ಫೋನ್ ಮಾಡಿದರೆ "ಹೇಳಮ್ಮ" ಎಂದ. ಆ 'ಅಮ್ಮ' ಕೇಳಿ ಅವಳು ಫೋನನ್ನೇ ಇಟ್ಟುಬಿಟ್ಟಳು. ಕೊನೆಗೆ ಗೇಟಿನ ಹತ್ತಿರ ಅಡ್ಡ ನಿಂತು, ವಾಂತಿ ಬಂದಿದ್ದಕ್ಕೆ ಹಾಗೆ ಅಂದೆ, ಮನಸ್ಸಿನಿಂದ ಅನ್ನಲಿಲ್ಲ ಎಂದು ಹೇಳಿಯೇಬಿಟ್ಟಳು.

ತಿಪ್ಪೇಶ್ ಬಸ್ಸಿನ ಕನ್ನಡಿ ಒರೆಸುತ್ತಲೇ ಉತ್ತರ ಕೊಟ್ಟ.

"ಅಜ್ಜಿ ಬೈದ್ರಾ? ಬಲವಂತಕ್ಕೆ ಒಪ್ಕೋಬ್ಯಾಡಿ ಮಿಸ್. ವಾಂತಿ ಬಂದಾಗ ಮನುಷ್ಯಂಗೆ ಸುಳ್ಳು ಹೇಳೋಕೆ ಪುರುಸೊತ್ತಿರಲ್ಲ. ಒಳಗಿರೋದೇ ಆಚೆ ಬರೋದು."

ಇಂಥ ತರ್ಕ ಮಿಸ್‌ನ ಯಾವ ಗಣಿತದ ಪುಸ್ತಕದಲ್ಲೂ ಇರಲಿಲ್ಲ.

ಅತ್ತ ಕರಿಯಕ್ಕ ಸುಮ್ಮನಿರುವ ಹೆಂಗಸಲ್ಲ. ಮಗನ ಸಪ್ಪೆ ಮುಖ ನೋಡಿ, ನಿಡುಗಲ್ಲಿನಲ್ಲಿ ಒಂದು ಹುಡುಗಿ ಇದ್ದಾಳೆ, ಬರುವ ಭಾನುವಾರ ನೋಡಿ ಬರೋಣ, ಒಪ್ಪಿದರೆ ಅಲ್ಲೇ ತಾಂಬೂಲ ಬದಲಾಯಿಸೋಣ ಎಂದು ಗಟ್ಟಿ ಮಾಡಿದಳು. ಸುದ್ದಿ ರಾಧಾಮಣಿ ಮೇಡಂ ಬಾಯಿಂದ ಶರಣ್ಯಾಳ ಕಿವಿಗೆ ಬಿತ್ತು. ಅವಳು ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆಗಳ ಹಿಂದೆ ಮುಖ ಮುಚ್ಚಿಕೊಂಡು ಅತ್ತಳು. *ದೇವ್ರೇ, ಜೀವನದಲ್ಲಿ ಒಬ್ಬನನ್ನ ಅಣ್ಣ ಅಂತ ಕರೀಬಾರದು ಅನ್ಕೊಂಡಿದ್ದೆ. ಅವನನ್ನೇ ಎರಡು ಸಲ ಕರೆಸಿಬಿಟ್ಟೆಯಲ್ಲ...*

ಭಾನುವಾರಕ್ಕೆ ಮುಂಚೆ ಶುಕ್ರವಾರ ಬಂತು. ಶಾಲೆಯ ಮಕ್ಕಳಿಗೆ ಬೆಂಗಳೂರಿನ ಕಡೆಯ ಒಂದು ಥೀಮ್ ಪಾರ್ಕಿಗೆ ಪ್ರವಾಸ.

ಓದುವ ಕಾಲದಿಂದಲೂ ಪ್ರವಾಸ ಅಂದರೆ ಶರಣ್ಯಾಗೆ ಜ್ವರ ಬರುತ್ತಿತ್ತು. ಈ ಸಲ ಅವಳೇ ಮುಂದಾಗಿ ಹೆಸರು ಕೊಟ್ಟಳು. ಇಡೀ ದಿನ ಅವನು ಅಲ್ಲಿರುತ್ತಾನೆ, ಎಲ್ಲಾದರೂ ಒಂದು ಕಡೆ ಹಿಡಿದು ಕೂರಿಸಿ ಮಾತಾಡಿಬಿಡಬೇಕು.

ಪಾರ್ಕಿನಲ್ಲಿ ಮಕ್ಕಳ ಕಣ್ಣು ಬಿದ್ದದ್ದು ಸಿಮ್ಯುಲೇಟರ್ ಮೇಲೆ. ಕತ್ತಲೆ ಕೋಣೆ, ಕುಲುಕುವ ಕುರ್ಚಿ, ಕಣ್ಣಿಗೆ ಕನ್ನಡಕ, ಎದುರಿಗೆ ಪರದೆ. ಕುರ್ಚಿ ಇದ್ದಲ್ಲೇ ಇರುತ್ತದೆ, ಆದರೆ ಕೂತವನಿಗೆ ಬೆಟ್ಟದ ರೈಲಿನಲ್ಲಿ ಪ್ರಪಾತಕ್ಕೆ ಬಿದ್ದ ಹಾಗಾಗುತ್ತದೆ. ಮಕ್ಕಳ ಜೊತೆ ಇಬ್ಬರು ದೊಡ್ಡವರು ಒಳಗಿರಲೇಬೇಕು ಎಂದು ಬಾಗಿಲಲ್ಲಿದ್ದವನು ಹೇಳಿದ. ರಾಧಾಮಣಿ ಮೇಡಂಗೆ ಬಿಪಿ. ಉಳಿದವರು ಶರಣ್ಯಾ, ತಿಪ್ಪೇಶ್.

ಶರಣ್ಯಾಗೆ ಇದು ಬಿಸಿ ತುಪ್ಪ! ಉಗುಳುವ ಹಾಗೂ ಇಲ್ಲ, ನುಂಗುವ ಹಾಗೂ ಇಲ್ಲ. ಒಳಗೆ ಹೋದರೆ ಹೊಟ್ಟೆಯ ಗತಿ ಏನು? ಹೋಗದಿದ್ದರೆ ಅವನ ಪಕ್ಕದ ಸೀಟು ಇನ್ನೆಲ್ಲಿ ಸಿಗಬೇಕು?

ಅವಳು ಬರಿಗೈಯಲ್ಲಿ ಬಂದಿರಲಿಲ್ಲ. ವಾರವಿಡೀ ಫೋನಿನಲ್ಲಿ ವೀಡಿಯೋ ನೋಡಿದ್ದಳು. ಕಣ್ಣು ಓಡುತ್ತಿದ್ದೇವೆ ಎನ್ನುತ್ತದೆ, ಮೈ ಕೂತಿದ್ದೇವೆ ಎನ್ನುತ್ತದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದಂತೆ, ಇವರಿಬ್ಬರ ಜಗಳದಲ್ಲಿ ಹೊಟ್ಟೆ ಬಡವಾಗುತ್ತದೆ. ಕಣ್ಣು ಮುಚ್ಚಿದರೆ ಜಗಳ ಅರ್ಧ ನಿಂತಂತೆ. ಬೆಳಿಗ್ಗೆ ಒಂದೇ ಇಡ್ಲಿ ತಿಂದಿದ್ದಳು, ಬಾಯಲ್ಲಿ ಶುಂಠಿ ಚೂರು ಇತ್ತು, ಬ್ಯಾಗಿನಲ್ಲಿ ಪ್ಲಾಸ್ಟಿಕ್ ಕವರ್ ಇತ್ತು.

ತಿಪ್ಪೇಶ್ ಮಾತ್ರ ಗೋಡೆಗೊರಗಿ ಆರಾಮಾಗಿ ಬೋಂಡ ಮುಗಿಸುತ್ತಿದ್ದ. ನಿಮಗೆ ಆಗಲ್ಲ ಮಿಸ್, ಬರಬೇಡಿ, ಪಾವಗಡದ ರಸ್ತೆಯಲ್ಲಿ ಲಾರಿ ಓಡಿಸಿದವನಿಗೆ ಈ ಗೊಂಬೆ ಗಾಡಿ ಯಾವ ಲೆಕ್ಕ ಎಂದು ಹೇಳಿ, ಮೇಲೊಂದು ಮೋಸಂಬಿ ಜ್ಯೂಸೂ ಕುಡಿದ. ಶರಣ್ಯಾ ಅವನ ಹಿಂದೆಯೇ ಒಳಗೆ ನಡೆದು ಪಕ್ಕದಲ್ಲೇ ಕೂತಳು.

ದೀಪ ಆರಿತು. ಕುರ್ಚಿ ನಡುಗಿತು. ಮಕ್ಕಳು ಹೋ ಎಂದವು.

ಶರಣ್ಯಾ ಗಟ್ಟಿಯಾಗಿ ಕಣ್ಣು ಮುಚ್ಚಿದಳು. ಪಾದಗಳನ್ನು ನೆಲಕ್ಕೆ ಒತ್ತಿದಳು. ನಿಧಾನವಾಗಿ ಉಸಿರು ಎಳೆದಳು, ಬಿಟ್ಟಳು. ಕುರ್ಚಿ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು... ಅಷ್ಟೇನಾ? ಪರದೆ ನೋಡದಿದ್ದರೆ ಇದು ಬರೀ ಕುಲುಕುವ ಕುರ್ಚಿ. ಮಣ್ಣುದಾರಿಯ ಬಸ್ ಇದಕ್ಕಿಂತ ಹೆಚ್ಚು ಕುಲುಕಿತ್ತು! ಹೊಟ್ಟೆ ಸ್ವಲ್ಪ ಗೊಣಗಿತು, ಮತ್ತೆ ಸುಮ್ಮನಾಯಿತು. ಅವಳಿಗೆ ತನ್ನ ಮೇಲೆಯೇ ಹೆಮ್ಮೆ ಉಕ್ಕಿತು. ಈಗಲೇ ಮಾತಾಡಿಬಿಡಬೇಕು ಎಂದು ಅವಳು ಅವನ ಕಡೆ ತಿರುಗಿದಳು.

ಆದರೆ ಪಕ್ಕದ ಕುರ್ಚಿಯಲ್ಲಿ ಬೇರೆಯೇ ಕಥೆ ನಡೆದಿತ್ತು.

ತಿಪ್ಪೇಶ್ ಜೀವನದಲ್ಲಿ ಗಾಡಿ ಓಡಿಸಿದ್ದನೇ ಹೊರತು, ಗಾಡಿಯಲ್ಲಿ ಸುಮ್ಮನೆ ಕೂತವನಲ್ಲ. ಎದುರಿಗೆ ಪ್ರಪಾತ, ಕೈಯಲ್ಲಿ ಸ್ಟೇರಿಂಗ್ ಇಲ್ಲ. ಬಲಗಾಲು ಇಲ್ಲದ ಬ್ರೇಕನ್ನು ಒತ್ತಿತು. ಒತ್ತಿದರೂ ರೈಲು ನಿಲ್ಲಲಿಲ್ಲ. ಬೋಂಡ ಮೇಲೆದ್ದಿತು, ಹಿಂದೆಯೇ ಮೋಸಂಬಿ ಎದ್ದಿತು. ಅವನು ಶರಣ್ಯಾಳ ತೋಳನ್ನು ಎರಡೂ ಕೈಯಲ್ಲಿ ಬಾಚಿ ಹಿಡಿದು ಕೂಗಿದ.

"ಅಕ್ಕಾ... ನಿಲ್ಸಕ್ಕಾ! ಅಕ್ಕಾ!"

ಕತ್ತಲಲ್ಲಿ ಮಕ್ಕಳ ನಗು ಸಿಡಿಯಿತು.

ಬಾಗಿಲು ತೆರೆದದ್ದೇ ತಡ, ತಿಪ್ಪೇಶ್ ಬಾಯಿಗೆ ಕೈ ಅಡ್ಡ ಹಿಡಿದು, ಜ್ಯೂಸ್ ಅಂಗಡಿಯ ಹಿಂದಿನ ಬೇಲಿಯ ಕಡೆ ಓಡಿದ. ಶರಣ್ಯಾ ಬ್ಯಾಗನ್ನು ರಾಧಾಮಣಿ ಮೇಡಂ ಕೈಗೆ ಎಸೆದು ಅವನ ಹಿಂದೆಯೇ ಓಡಿದಳು.

ಅವನು ಬೇಲಿಯ ಕಂಬ ಹಿಡಿದು ಬಗ್ಗಿದ್ದ. ದೊಡ್ಡ ಮೈಯ ಗಂಡಸು, ಎಳೆ ಮಗುವಿನ ಹಾಗೆ ನಡುಗುತ್ತಿದ್ದ. ಅವಳು ಹಿಂದೆಮುಂದೆ ನೋಡಲಿಲ್ಲ. ಒಂದು ಕೈಯಿಂದ ಅವನ ಹಣೆ ಗಟ್ಟಿಯಾಗಿ ಹಿಡಿದಳು, ಇನ್ನೊಂದರಿಂದ ಬೆನ್ನು ನೀವಿದಳು. ವಾಂತಿಯಾಗುವಾಗ ತಾಯಂದಿರು ಹಿಡಿಯುವ ಹಾಗೆ. ಅವನು ಬೇಡ ಎಂದು ಕೈಯಾಡಿಸಿದ. ಅವಳು ಬಿಡಲಿಲ್ಲ.

ಎಲ್ಲ ಮುಗಿದ ಮೇಲೆ ಜ್ಯೂಸ್ ಅಂಗಡಿಯಿಂದ ನೀರು ತಂದುಕೊಟ್ಟಳು. ಸೆರಗಿನ ತುದಿಯಿಂದ ಮುಖ ಒರೆಸಿದಳು. ಅವನು ಬೇಲಿಗೊರಗಿ ಕೂತ. ಕಣ್ಣಲ್ಲಿ ನೀರು, ಮುಖದಲ್ಲಿ ಹೇಳಲಾಗದ ನಾಚಿಕೆ. ತಾನಾಗಿಯೇ ಕೇಳಿದ, ಒಳಗೆ ನಾನು ನಿಮ್ಮನ್ನ ಏನಂತ ಕರೆದೆ ಅಂತ.

"ಅಕ್ಕ ಅಂದ್ರಿ," ಎಂದಳು ಶರಣ್ಯಾ. "ಮೂರು ಸಲ. ನಾನು ಎರಡೇ ಸಲ ಅಂದಿದ್ದು."

ತಿಪ್ಪೇಶ್ ಹಣೆ ಚಚ್ಚಿಕೊಂಡ.

"ಒಳಗಿರೋದೇ ಆಚೆ ಬರೋದು ಅಂದಿದ್ರಲ್ಲ. ಈಗ ಹೇಳಿ. ನಾನು ನಿಮಗೆ ಅಕ್ಕನಾ?"

ಅವನು ಅವಳ ಮುಖ ನೋಡಿದ. ಇಷ್ಟು ದಿನ ಕನ್ನಡಿಯಲ್ಲಿ ಕದ್ದು ನೋಡಿದ್ದ ಮುಖ, ಇವತ್ತು ಎದುರಿಗೇ ಇತ್ತು. ಅದರಲ್ಲಿ ಸಿಟ್ಟಿತ್ತು, ಅಳುವಿತ್ತು. ಇದು ಅಜ್ಜಿ ಹೇಳಿಕೊಟ್ಟು ಕಳಿಸಿದ ಮುಖವಲ್ಲ ಎಂದು ಅವನಿಗೆ ಕೊನೆಗೂ ಅರ್ಥವಾಯಿತು.

"ಅಲ್ಲ," ಎಂದ ಮೆಲ್ಲಗೆ. "ಆ ಟೈಮಲ್ಲಿ ಬಾಯಿ ನಮ್ಮ ಮಾತು ಕೇಳಲ್ಲ... ನಾನು ಮುಠ್ಠಾಳ ಕಣ್ರೀ. ನಿಮ್ಮನ್ನ ನಂಬ್ದೆ ಹೋದೆ."

ಶರಣ್ಯಾಳ ಕಣ್ಣಿಂದ ನೀರು ಇಳಿಯಿತು. ಈ ಸಲ ಹೊಟ್ಟೆ ತಣ್ಣಗಿತ್ತು, ತಲೆ ನೆಟ್ಟಗಿತ್ತು. ಹೇಳಬೇಕಾದ ಮಾತು ಹೇಳಬೇಕಾದ ಹಾಗೆಯೇ ಬಂತು.

"ಈಗ ನನಗೆ ವಾಂತಿ ಇಲ್ಲ, ತಲೆಸುತ್ತಿಲ್ಲ, ಅಜ್ಜಿನೂ ಪಕ್ಕದಲ್ಲಿಲ್ಲ. ಸರಿಯಾಗಿ ಕೇಳಿಸ್ಕೊಳಿ. ನೀವು ಭಾನುವಾರ ನಿಡುಗಲ್ಲಿಗೆ ಹೋಗ್ಬಾರದು. ನಾನು ಮದುವೆ ಆದ್ರೆ ನಿಮ್ಮನ್ನೇ ಆಗೋದು."

ತಿಪ್ಪೇಶ್ ಅಲ್ಲೇ ಫೋನ್ ತೆಗೆದು ತಾಯಿಗೆ ಮಾಡಿದ. ನಿಡುಗಲ್ ಒದ್ದಮ್ಮಾ, ಮಿಡಿಗೇಶಿಗೇ ಹೂವು ತಗೊಂಡು ಹೋಗು ಎಂದ. ಬೇಡ ಎನ್ನುವುದನ್ನು ಮನೆಯ ತೆಲುಗಿನಲ್ಲಿ 'ಒದ್ದು' ಎಂದೇ ಹೇಳಿದರೆ ತಾಯಿಗೆ ಬೇಗ ನಾಟುತ್ತದೆ. ಆ ಕಡೆಯಿಂದ ಕರಿಯಕ್ಕ, ಹುಡುಗಿ ಅಣ್ಣ ಅಂದಳು ಅಂತ ಅತ್ತವನು ನೀನೇ ಅಲ್ಲವಾ, ಈಗೇನಾಯಿತೋ ಎಂದು ರೇಗುತ್ತಿದ್ದದ್ದು ಶರಣ್ಯಾಗೂ ಕೇಳಿಸಿತು.

ಅತ್ತವನು! ಅವಳು ಹುಬ್ಬೇರಿಸಿ ಅವನನ್ನು ನೋಡಿದಳು. ಅವನು ತಟಕ್ಕನೆ ಫೋನ್ ಕಟ್ ಮಾಡಿ ಜೇಬಿಗಿಟ್ಟ.

ದೂರದಲ್ಲಿ ರಾಧಾಮಣಿ ಮೇಡಂ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಈ ಕಡೆ ತಿರುಗಿದವರಿಗೆಲ್ಲ ಗದರುತ್ತಿದ್ದರು. ತಾವು ಮಾತ್ರ ಚೆನ್ನಾಗಿ ನೋಡುತ್ತಿದ್ದರು.

ಹೊರಡುವ ಹೊತ್ತಾಯಿತು. ತಿಪ್ಪೇಶನ ಮುಖ ಇನ್ನೂ ಬಿಳಿಚಿತ್ತು. ಗಾಡಿ ಓಡಿಸಲು ಆಗುತ್ತದಾ ಎಂದು ಅವಳು ಕೇಳಿದಳು. ಸ್ಟೇರಿಂಗ್ ಕೈಗೆ ಸಿಕ್ಕರೆ ಎಲ್ಲ ಸರಿಹೋಗುತ್ತದೆ, ಇನ್ನೊಬ್ಬರು ಓಡಿಸುವ ಗಾಡಿಯಲ್ಲಿ ಮಾತ್ರ ಈ ಜನ್ಮದಲ್ಲಿ ಕೂರುವುದಿಲ್ಲ ಎಂದ. ಇಬ್ಬರೂ ಬಸ್ಸಿನ ಕಡೆ ನಡೆದರು. ಅಕ್ಕಪಕ್ಕದಲ್ಲಿ, ಮೈಗೆ ಮೈ ತಾಗದ ಹಾಗೆ, ಆದರೆ ಬಹಳ ನಿಧಾನವಾಗಿ.

ಬಾಗಿಲ ಹತ್ತಿರ ಅವನು ನಿಂತ.

"ಒಂದು ಅನುಮಾನ ಕಣ್ರೀ."

"ಏನು?"

"ಮದುವೆ ದಿನ ಛತ್ರದಿಂದ ಮನೆಗೆ ಹೋಗೋವಾಗ ನನಗೆ ಗಾಡಿ ಓಡ್ಸೋಕೆ ಬುಡಲ್ಲ. ಹಿಂದಿನ ಸೀಟಲ್ಲಿ ಕೂರಿಸ್ತಾರೆ. ಇಬ್ರಿಗೂ ಒಟ್ಟಿಗೇ ಬಂದ್ರೆ ಹೆಂಗೆ? ಯಾರ ತಲೆ ಯಾರು ಹಿಡ್ಕೊಳೋದು?"

ಶರಣ್ಯಾ ನಗಲಿಲ್ಲ. ಲೆಕ್ಕ ಬಿಡಿಸುವವಳ ಹಾಗೆ ಗಂಭೀರವಾಗಿ ಯೋಚಿಸಿದಳು.

"ಮೊದಲು ನೀವು ಮಾಡ್ಕೊಳಿ," ಎಂದಳು. "ಅಲ್ಲೀವರೆಗೂ ನಾನು ತಡ್ಕೊಂಡಿರ್ತೀನಿ."